ಬಾಡಿಗೆ ಗಂಟಲು

ಕೆಲವು ವಾರ ಬಾಯಿ ಬಿಡಕೂಡದು ಎಂದು ಗಂಟಲಿನ ಡಾಕ್ಟರು ನನಗೆ ಹೇಳಿದಾಗ ಪಕ್ಕದಲ್ಲಿ ಕುಳಿತಿದ್ದ ನನ್ನ ಗಂಡನ ಮುಖದ ಮೇಲೆ ಹರಡಿದ ಶಾಂತಿಯನ್ನು ನಾನು ಇನ್ನೂ ಕ್ಷಮಿಸಿಲ್ಲ. “ಪಿಸುಗುಡುವುದೂ ಬೇಡವಾ ಡಾಕ್ಟ್ರೇ?” ಎಂದು ಕೇಳಿ ಅವರು ಖಚಿತಪಡಿಸಿಕೊಂಡರು. ಬೇಡವಂತೆ. ಪಿಸುಮಾತೂ ಗಂಟಲನ್ನು ಕೂಗಿನಷ್ಟೇ ಹಾಳು ಮಾಡುತ್ತದಂತೆ. ಸ್ವರತಂತುಗಳ ಮೇಲೆ ಸಣ್ಣ ಗಂಟುಗಳು ಎದ್ದಿವೆ, ಸಾಮಾನ್ಯವಾಗಿ ಇದು ಹಾಡುವವರಿಗೆ, ಪಾಠ ಹೇಳುವವರಿಗೆ ಬರುವ ತೊಂದರೆ ಎಂದರು ಡಾಕ್ಟರು. ಹಾಡದೆ, ಪಾಠ ಹೇಳದೆ, ಬರೀ ಫೋನಿನಲ್ಲಿ ಮಾತಾಡಿಯೇ ಆ ಮಟ್ಟ ಮುಟ್ಟಿದವಳು ನಾನು ಎಂದು ಒಳಗೊಳಗೇ ಸ್ವಲ್ಪ ಹೆಮ್ಮೆಯಾದದ್ದು ಸುಳ್ಳಲ್ಲ.

ಆದರೆ ಆ ಮಾತು ಚಟದ್ದಲ್ಲ, ಹೊಟ್ಟೆಪಾಡಿನದು. ಮುಂಬಯಿ ಪಕ್ಕದ ಡೊಂಬಿವಲಿ ಪೂರ್ವದಲ್ಲಿ ನಮ್ಮದೊಂದು ಸಣ್ಣ ವ್ಯಾಪಾರವಿದೆ. ರೋಗಿಗಳ ಮಂಚ, ವೀಲ್‌ಚೇರು, ವಾಕರು, ಗಾಳಿ ತುಂಬುವ ಹಾಸಿಗೆ, ಇವನ್ನೆಲ್ಲ ಮನೆಗಳಿಗೆ ಬಾಡಿಗೆಗೆ ಕೊಡುತ್ತೇವೆ. ಅತ್ತೆ ಬಿದ್ದು ಸೊಂಟ ಮುರಿದುಕೊಂಡಾಗ ತಲೆ ಕಡೆ ಎತ್ತುವ ಮಂಚವೊಂದನ್ನು ಕೊಂಡಿದ್ದೆವು. ಅವರು ಎದ್ದು ಓಡಾಡಿ ನನ್ನ ಸಾರಿನಲ್ಲಿ ಮತ್ತೆ ಕೊಂಕು ತೆಗೆಯತೊಡಗಿದ ಮೇಲೆ ಆ ಮಂಚ ಹಾಲಿನ ಅರ್ಧ ಜಾಗ ತಿನ್ನುತ್ತ ನಿಂತಿತ್ತು. ಪಕ್ಕದ ಬಿಲ್ಡಿಂಗಿನವರು ಕೇಳಿದರು, ಕೊಟ್ಟೆವು. ಅವರಿಂದ ಕೇಳಿ ಇನ್ನೊಬ್ಬರು ಬಂದರು. ಹೋಟೆಲಿನ ಗಲ್ಲಾದಲ್ಲಿ ಕೂತು ಬೇಸತ್ತಿದ್ದ ನನ್ನ ಗಂಡ ಕೆಲಸ ಬಿಟ್ಟು, ಒಂದು ಸಣ್ಣ ಅಂಗಡಿ ಹಾಕಿ ಇದನ್ನೇ ಹಿಡಿದರು. ಸಾಮಾನು ಅವರದು, ಫೋನು ನನ್ನದು. ಕೆಲಸ ಹೀಗೆ ಹಂಚಿಕೆಯಾಗಿತ್ತು.

ಈ ವ್ಯಾಪಾರದಲ್ಲಿ ಯಾರೂ “ಮಂಚ ಬೇಕು” ಎಂದು ಫೋನ್ ಮಾಡುವುದಿಲ್ಲ. “ನಾಳೆ ಅಮ್ಮನಿಗೆ ಡಿಸ್ಚಾರ್ಜ್” ಎಂದು ಮಾಡುತ್ತಾರೆ. ಆಮೇಲೆ ಸುಮ್ಮನಾಗುತ್ತಾರೆ. ಆ ಮೌನದಿಂದ ಅವರನ್ನು ಎಬ್ಬಿಸಿ, ಎಷ್ಟನೇ ಮಾಳಿಗೆ, ಲಿಫ್ಟ್ ಇದೆಯಾ, ಅಮ್ಮ ತಾವಾಗಿ ಮಗ್ಗುಲು ಬದಲಿಸುತ್ತಾರಾ ಎಂದು ಕೇಳಿ, ಏನು ಬೇಕೆಂದು ನಾವೇ ಹೇಳಬೇಕು. ಆ ಹೊತ್ತಿಗೆ ಅವರ ದನಿ ಒಂದಿಷ್ಟು ನೆಟ್ಟಗಾಗಿರುತ್ತದೆ. ಇಂಥ ಫೋನನ್ನು ನನ್ನ ಗಂಡನ ಕೈಗೆ ಕೊಟ್ಟರೆ? ಅವರು ತಂತಿ ಕಳಿಸುವ ಕಾಲದ ಮನುಷ್ಯ. “ಇದೆ.” “ಇಲ್ಲ.” “ಕಳಿಸುವ.” ನನ್ನ ಮೌನವ್ರತ ಶುರುವಾದ ದಿನವೇ ಯಾರೋ ಹೆಂಗಸು ಆ ಕಡೆಯಿಂದ ಅಳುತ್ತಿದ್ದುದು ನನಗೂ ಕೇಳಿಸುತ್ತಿತ್ತು. ಇವರು “ವೀಲ್‌ಚೇರ್ ಖಾಲಿ ಇಲ್ಲ” ಎಂದು ಫೋನಿಟ್ಟರು. ನಾನು ಲಟ್ಟಣಿಗೆಯಿಂದ ಅಡುಗೆಕಟ್ಟೆ ಕುಟ್ಟಿ ನನ್ನ ಅಭಿಪ್ರಾಯ ತಿಳಿಸಿದೆ.

ಹಾಗೆ ಬಂದದ್ದು ನವಿ ಮುಂಬಯಿಯ ಒಂದು ಕಂಪನಿ. ಸಣ್ಣ ವ್ಯಾಪಾರಗಳಿಗೆ ‘ಸಪೋರ್ಟ್’ ಕೊಡುವುದೇ ಅವರ ಕೆಲಸ. ನಿಮ್ಮ ಫೋನನ್ನು ಅವರು ಎತ್ತುತ್ತಾರೆ, ನಿಮ್ಮ ಹೆಸರಿನಲ್ಲಿ ಅವರು ಮಾತಾಡುತ್ತಾರೆ, ಸಂಜೆ ನಿಮಗೊಂದು ವರದಿ ಕಳಿಸುತ್ತಾರೆ. ನಮ್ಮ ಅಂಗಡಿಗೆ ಬಂದ ಅವರ ಮ್ಯಾನೇಜರನ ಅಂಗಿಯ ಇಸ್ತ್ರಿ ಎಷ್ಟು ಖಡಕ್ಕಾಗಿತ್ತೆಂದರೆ, ಅವನು ಬಗ್ಗುವಾಗ ಅಂಗಿ ಒಂದು ಕ್ಷಣ ತಡೆದು ಬಗ್ಗುತ್ತಿತ್ತು. ಲ್ಯಾಪ್‌ಟಾಪ್ ತೆರೆದು ಬೆಳ್ಳಿಯ ಪ್ಯಾಕೇಜು, ಬಂಗಾರದ ಪ್ಯಾಕೇಜು ಎಂದು ತೋರಿಸಿದ. ಬಂಗಾರದ್ದರಲ್ಲಿ ಕನ್ನಡವೂ ಸೇರಿದೆಯಂತೆ.

“ಮ್ಯಾಡಮ್, ಆಪ್ ಕೋರ್ ಬಿಸಿನೆಸ್ ಪೇ ಧ್ಯಾನ್ ದೀಜಿಯೇ, ಸಪೋರ್ಟ್ ಹಮ್ ಪೇ ಛೋಡಿಯೇ” ಎಂದ. ಮುಖ್ಯ ವ್ಯಾಪಾರ ನೀವು ನೋಡಿಕೊಳ್ಳಿ, ಉಳಿದದ್ದು ನಮಗಿರಲಿ ಎಂಬ ಧಾಟಿ.

ಮೂರ್ಖ, ಆ ಫೋನೇ ಕಣೋ ಮುಖ್ಯ ವ್ಯಾಪಾರ! ಮಂಚ ಯಾವನಾದರೂ ಕೊಡುತ್ತಾನೆ! ಇಷ್ಟನ್ನು ಹೇಳಬೇಕಿತ್ತು. ಹೇಳುವಂತಿರಲಿಲ್ಲ. ಎರಡೂ ಕೈ ಎತ್ತಿ ಅಲ್ಲಾಡಿಸಿದೆ. “ಮ್ಯಾಡಮ್ ತುಂಬ ಎಕ್ಸೈಟ್ ಆಗಿದ್ದಾರೆ” ಎಂದ. ನನ್ನ ಗಂಡ ಸಹಿ ಹಾಕಿದರು. ಹೋಗುವಾಗ ಅವನು ಮಂಚಗಳ ಕಡೆ ಒಮ್ಮೆ ಕಣ್ಣು ಹಾಯಿಸಿ, ಏನೋ ಟೈಪ್ ಮಾಡಿಕೊಂಡ. ನಾವು ಯಾರಿಗೆ, ಏನು, ಯಾಕೆ ಬಾಡಿಗೆಗೆ ಕೊಡುತ್ತೇವೆ ಎಂದು ಒಂದು ಮಾತು ಕೇಳಲಿಲ್ಲ.

ಒಂದಿಷ್ಟು ದಿನ ಎಲ್ಲ ಸುಸೂತ್ರ. ಸಂಜೆಯ ವರದಿಗಳು ನೋಡಲು ಚಂದವಾಗಿದ್ದವು. ಇಷ್ಟು ಕರೆ, ಇಷ್ಟು ತೃಪ್ತಿ, ಒಂದು ಹಸಿರು ಗೆರೆ ಮೇಲಕ್ಕೆ ಹೋಗುತ್ತಿತ್ತು. ನನ್ನ ಗಂಡ ಆ ಗೆರೆಯನ್ನು ಮೊಮ್ಮಗುವಿನ ಫೋಟೋದಂತೆ ಎಲ್ಲರಿಗೂ ತೋರಿಸಿಕೊಂಡು ಬಂದರು. ಒಂದು ವರದಿಯ ತುದಿಯಲ್ಲಿ “ಗ್ರಾಹಕರಿಗೆ ಹಾಸಿಗೆಯ ಮೃದುತ್ವದ ಬಗ್ಗೆ ಅಸಮಾಧಾನ, ಸಾಮಾನ್ಯ ದರ್ಜೆ” ಎಂದಿತ್ತು. ಬಾಡಿಗೆ ಹಾಸಿಗೆಯ ಮೃದುತ್ವಕ್ಕೂ ತಕರಾರು ತೆಗೆಯುವವರಿದ್ದಾರಲ್ಲ ಎಂದು ಕಣ್ಣಲ್ಲೇ ನಕ್ಕೆವು.

ಮರುದಿನ ಅಂಗಡಿಯ ಬಾಗಿಲಲ್ಲಿ ಬಸವರಾಜ ನಿಂತಿದ್ದ. ಕಲಬುರಗಿ ಕಡೆಯವನು, ವಾಶಿಯ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಾನೆ, ಕೋಪರಖೈರಣೆಯಲ್ಲಿ ಮನೆ. ಅವನ ಅಪ್ಪ ಕಟ್ಟಡದ ಕೆಲಸದಲ್ಲಿ ಬಿದ್ದು ಮಲಗಿದ್ದಲ್ಲೇ ಆಗಿದ್ದರು. ಮಂಚವನ್ನೂ ಗಾಳಿ ಹಾಸಿಗೆಯನ್ನೂ ನನ್ನ ಗಂಟಲು ಕೆಡುವ ಮೊದಲೇ ನಾನೇ ಕಳಿಸಿದ್ದೆ. ಗಾಳಿ ಹಾಸಿಗೆಗೆ ಒಂದು ಸಣ್ಣ ಪಂಪು ಇರುತ್ತದೆ. ಅದು ಗಾಳಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳುತ್ತ, ಮಲಗಿದವರ ಭಾರ ಒಂದೇ ಜಾಗದ ಮೇಲೆ ಬೀಳದಂತೆ ನೋಡಿಕೊಳ್ಳುತ್ತದೆ. ಅದು ನಿಂತರೆ ಹಾಸಿಗೆ ಬರೀ ಪ್ಲಾಸ್ಟಿಕ್ಕು, ಬೆನ್ನಿಗೆ ಹುಣ್ಣು.

ಬಸವರಾಜ ಕೈಚೀಲದಿಂದ ಪಂಪು ತೆಗೆದು ಮೇಜಿನ ಮೇಲಿಟ್ಟ.

“ಅಕ್ಕಾರ, ನಿಮ್ಮಲ್ಲಿ ಫೋನ್ ಎತ್ತಾಕಿ ಯಾರ್ರಿ? ಪಂಪ್ ಬಂದ್ ಆಗ್ಯಾದ ಅಂತ ನಾ ಎಷ್ಟು ಸಲ ಹೇಳಿನಿ. ಅಕಿ ನನಗ ಟಿಕೆಟ್ ತೆಗೀತೀನಿ ಅಂತಾಳ್ರಿ. ಟಿಕೆಟ್ ಯಾಕವ್ವ, ನಾ ಊರಿಗಿ ಹೊಂಟಿಲ್ಲ, ನಮ್ಮಪ್ಪನ ಬೆನ್ನ ಹುಣ್ಣಾಗ್ಲಿಕತ್ತಾದ ಅಂದಿನ್ರಿ. ಟಿಕೆಟ್ ನಂಬರ್ ಬರಕೋರಿ ಅಂದಳು. ಕಡೀಕ ನಮ್ಮ ಸೇವಾಕ್ಕ ಎಷ್ಟು ಮಾರ್ಕ್ಸ್ ಕೊಡ್ತೀರಿ ಅಂತ ಕೇಳಿದ್ಳ್ರಿ!”

ದೂರು ಬರೆದುಕೊಳ್ಳುವುದಕ್ಕೆ ಆ ಕಂಪನಿಯವರು ಟಿಕೆಟ್ ಎನ್ನುತ್ತಾರೆ; ಬೇರೆ ಹೊತ್ತಿನಲ್ಲಾಗಿದ್ದರೆ ಆ ಮಾತು ನಗು ತರಿಸುತ್ತಿತ್ತು. ಹಿಂದಿನ ದಿನ ನಾವು ನಕ್ಕ ‘ಮೃದುತ್ವದ ಅಸಮಾಧಾನ’ ಇದೇ. ಡಾಕ್ಟರರ ಅಪ್ಪಣೆ ಎಲ್ಲಿ ಹೋಯಿತೋ, “ನಡಿ ಬಸವರಾಜ, ನಾನೂ ಬರ್ತೇನೆ” ಎಂಬ ಕಾಗೆಯ ದನಿಯೊಂದು ಅಂಗಡಿಯಲ್ಲಿ ಕೇಳಿಸಿತು. ನನ್ನದೇ. ನನ್ನ ಗಂಡ “ಮಾತಾಡ್ಬೇಡ ಮಾರಾಯ್ತಿ” ಎನ್ನುತ್ತಲೇ ಹೊಸ ಪಂಪನ್ನು ತೆಗೆದುಕೊಟ್ಟರು.

ಠಾಣೆಯವರೆಗೆ ಒಂದು ಲೋಕಲ್, ಅಲ್ಲಿಂದ ಕೋಪರಖೈರಣೆಗೆ ಇನ್ನೊಂದು. ದಾರಿಯುದ್ದಕ್ಕೂ ಬಸವರಾಜ ಪಂಪನ್ನು ಎದೆಗವಚಿಕೊಂಡು ನಿಂತಿದ್ದ. ಮೇಲಿನ ಮಹಡಿಯ ಸಣ್ಣ ಖೋಲಿ, ಏರಲು ಕಬ್ಬಿಣದ ಮೆಟ್ಟಿಲು. ಅವನ ಹೆಂಡತಿ ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಮಡಚಿ ಮಾವನ ಬೆನ್ನಿನ ಹಿಂದೆ ಕೊಟ್ಟು ಒಂದು ಮಗ್ಗುಲಿಗೆ ಮಲಗಿಸಿದ್ದಳು. ಅವಳ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. ಕೌದಿ ಸರಿಸಿ ತೋರಿಸಿದಳು. ಬೆನ್ನಿನ ಕೆಳಭಾಗದಲ್ಲಿ ಚರ್ಮ ಸುಲಿದು ಹಸಿಯಾಗಿತ್ತು. ಆ ಹಿರಿಯರು ಗೋಡೆಯ ಕಡೆ ಮುಖ ಮಾಡಿಯೇ, “ಬರ್ರಿ ತಾಯಿ, ಕುಂದರ್ರಿ. ಚಾ ಇಡವ್ವ” ಎಂದರು.

ಬೈದಿದ್ದರೆ ಎಷ್ಟೋ ಸುಲಭವಿತ್ತು.

ಕನ್ನಡದಲ್ಲಿ ‘ಸಪೋರ್ಟ್’ ಎಂಬುದಕ್ಕೆ ಬೆಂಬಲ ಎನ್ನುತ್ತೇವೆ. ಬೆನ್ನು, ಬಲ ಎರಡೂ ಸೇರಿ ಆದ ಮಾತು ಅದು. ಹಿಂದೆ ಯಾರೋ ನಿಂತಿದ್ದಾರೆ, ಬಿದ್ದರೆ ಹಿಡಿಯುತ್ತಾರೆ ಎಂಬ ಧೈರ್ಯಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು. ಇಂಥ ಮಾತನ್ನು ಬಿಟ್ಟು, ಬಂಗಾರ, ಬೆಳ್ಳಿ ಎಂದು ತೂಗಿ ಮಾರುವವರಿಂದ ನಾವು ‘ಸಪೋರ್ಟ್’ ಕೊಂಡಿದ್ದೆವು. ನಮ್ಮ ಬೆಂಬಲ ಆ ಮನುಷ್ಯನ ಬೆನ್ನಿಗೆ ಏನು ಮಾಡಿತ್ತೆಂದು ನನ್ನ ಕಣ್ಣೆದುರೇ ಇತ್ತು.

ಪಂಪು ಜೋಡಿಸಿದೆವು. ಹಾಸಿಗೆ ನಿಧಾನವಾಗಿ ಉಸಿರೆಳೆದುಕೊಂಡಿತು. ಹತ್ತಿರದ ದವಾಖಾನೆಯ ನರ್ಸೊಬ್ಬರನ್ನು ಕರೆಸಿ ಹುಣ್ಣಿಗೆ ಪಟ್ಟಿ ಹಾಕಿಸಿದೆವು. ಅದಾದ ಮೇಲೆ ಬಸವರಾಜನ ಫೋನು ಇಸಿದುಕೊಂಡು ನಾನು ನನ್ನದೇ ಅಂಗಡಿಗೆ ಫೋನ್ ಮಾಡಿದೆ. ಮೊದಲು ಒಂದು ಸಂಗೀತ. ಆಮೇಲೆ ನನ್ನ ಕರೆ ಅವರಿಗೆ ಅತ್ಯಮೂಲ್ಯವೆಂಬ ಘೋಷಣೆ. ಆಮೇಲೆ ಒಬ್ಬ ಹುಡುಗಿ.

“ಮ್ಯಾಡಮ್, ನಿಮ್ಮ ಶುಭನಾಮ?”

“ಪಂಪು ನಿಂತಿದೆ. ಅಂಗಡಿಯವರಿಗೆ ಫೋನ್ ಕೊಡಿ.”

“ಸಾರಿ ಮ್ಯಾಡಮ್, ಓನರ್ ಈಗ ಅವೈಲೆಬಲ್ ಇಲ್ಲ. ನಾನು ಟಿಕೆಟ್ ರೈಸ್ ಮಾಡ್ತೀನಿ.”

“ಓನರ್ ನಾನೇ!”

ಆ ಕಡೆ ಗಡಬಡ. ಹುಡುಗಿಯ ಬಂಗಾರದ ಕನ್ನಡ ಮುಗಿದು ಹಿಂದಿ ಬಂತು. ದಿವಾ ಸ್ಟೇಷನ್ನಿನ ಕಡೆಯಿಂದ ದಿನಾ ಕೆಲಸಕ್ಕೆ ಬರುವವಳಂತೆ, ತಾಯಿ ಕನ್ನಡದವರಂತೆ. ಅವಳ ಎದುರಿನ ಪರದೆಯಲ್ಲಿ ನಮ್ಮ ಅಂಗಡಿಯ ಹೆಸರಿನ ಮುಂದೆ ‘ಫರ್ನಿಚರ್’ ಎಂದಿದೆಯಂತೆ. ಫರ್ನಿಚರ್ ದೂರುಗಳೆಲ್ಲ ಸಾಮಾನ್ಯ ದರ್ಜೆ. ಅದೇ ಹೊತ್ತಿಗೆ ಅವಳು ಒಂದು ಕೇಕಿನ ಅಂಗಡಿಗೂ, ಒಂದು ಜಿರಳೆ ಔಷಧಿಯವರಿಗೂ ಫೋನ್ ಎತ್ತುತ್ತಾಳೆ. ಮಾಲೀಕರಿಗೆ ನೇರ ಫೋನ್ ಮಾಡುವ ಹಾಗಿಲ್ಲ.

“ಆಂಟಿ, ಪೇಶಂಟ್ ಕೇ ಲಿಯೇ ಹೈ, ಯೇ ಕಿಸೀನೇ ಬತಾಯಾ ಹೀ ನಹೀಂ” ಎಂದಳು. ರೋಗಿಗೆ ಅಂತ ಕಂಪನಿಯಲ್ಲಿ ಯಾರೂ ಹೇಳಲೇ ಇಲ್ಲ; ಬಸವರಾಜನ ಮಾತು ಅವಳ ಕನ್ನಡಕ್ಕೆ ಅರ್ಧ ಮಾತ್ರ ಸಿಕ್ಕಿತ್ತಂತೆ. ಮ್ಯಾಡಮ್ ಹೋಗಿ ಆಂಟಿ ಆದಾಗಲೇ ನನಗೆ ಗೊತ್ತಾಯಿತು, ಅವಳು ಅಳುತ್ತಿದ್ದಾಳೆ ಎಂದು. ಅವಳ ಮೇಲೆ ನಾನು ಸಿಟ್ಟು ಮಾಡಲಿಲ್ಲ. ಅಷ್ಟನ್ನೂ ಒಟ್ಟು ಮಾಡಿಕೊಂಡು ಮ್ಯಾನೇಜರನಿಗಾಗಿ ಇಟ್ಟುಕೊಂಡೆ.

ಅವರ ಆಫೀಸು ಅಲ್ಲಿಂದ ರಿಕ್ಷಾದಲ್ಲಿ ಹೋಗುವಷ್ಟು ದೂರ. ಗಾಜಿನ ಕೋಣೆಯಲ್ಲಿ ಅವನು ನನ್ನ ಮಾತನ್ನೆಲ್ಲ ತಲೆಯಾಡಿಸುತ್ತ ಕೇಳಿದ. ನನ್ನ ದನಿ ಅಷ್ಟರಲ್ಲಿ ಹರಕು ಗೋಣಿಯಂತಾಗಿತ್ತು. ಕೊನೆಗೆ ಪರದೆಯನ್ನು ನನ್ನ ಕಡೆ ತಿರುಗಿಸಿದ. “ಆದರೆ ಮ್ಯಾಡಮ್, ನೀವೇ ನೋಡಿ, ಪ್ರತಿ ಸಲವೂ ಮೂರನೇ ರಿಂಗಿನ ಒಳಗೆ ಎತ್ತಿದ್ದೇವೆ.”

ಎತ್ತಿದ್ದರು, ಸ್ವಾಮಿ. ಸುಳ್ಳಲ್ಲ. ನನಗೆ ಉರಿದದ್ದೇ ಅದಕ್ಕೆ. ತಪ್ಪು ಮಾಡಿ ತಲೆ ತಗ್ಗಿಸುವವನ ಜೊತೆ ಜಗಳವಾದರೂ ಆಡಬಹುದು. ಎಲ್ಲ ಸರಿಯಾಗಿಯೇ ಮಾಡಿ ಒಬ್ಬ ಮುದುಕನ ಬೆನ್ನು ಸುಲಿಸಿದವನಿಗೆ ಏನು ಹೇಳುವುದು? “ಎತ್ತೋದಕ್ಕಲ್ಲಪ್ಪ ಫೋನು, ಕೇಳೋದಕ್ಕೆ” ಎಂದೆ. ಅದು ಅವನ ಯಾವ ಪ್ಯಾಕೇಜಿನಲ್ಲೂ ಇರಲಿಲ್ಲ. ಕರಾರು ರದ್ದು ಮಾಡಿ ಬಂದೆ. ಡಾಕ್ಟರು ನನಗೆ ಮೌನದ ಅವಧಿ ಹೆಚ್ಚಿಸಿದರು, ಬೈಗುಳ ಬೇರೆ.

ಆಮೇಲಿನ ದಿನಗಳಲ್ಲಿ ನಾನೂ ನನ್ನ ಗಂಡನೂ ಕೈಸನ್ನೆಯಲ್ಲೇ ದೊಡ್ಡ ಜಗಳಗಳನ್ನಾಡಿದೆವು. ಅವರ ವಾದ, ಹೊರಗಿನವರೇ ಬೇಡ. ನನಗೆ ಹಾಗೆ ಅನ್ನಿಸಲಿಲ್ಲ. ಮಂಚ ಹೊತ್ತು ಮೆಟ್ಟಿಲು ಹತ್ತಿಸುವುದು ನಮ್ಮ ಟೆಂಪೋದವನೇ, ತೆರಿಗೆ ಲೆಕ್ಕ ಬರೆಯುವವರು ಠಾಣೆಯ ನೌಪಾಡಾದ ಒಬ್ಬರು. ಅವರ್ಯಾರೂ ಮನೆಯವರಲ್ಲ, ಆದರೂ ಕೆಲಸ ಕೆಟ್ಟಿಲ್ಲ. ಲೆಕ್ಕದವರಿಗೆ ಬಸವರಾಜನ ಅಪ್ಪ ಯಾರೆಂದು ಗೊತ್ತಿರಬೇಕಾಗಿಲ್ಲ. ಫೋನಿನಲ್ಲಿ ಕೂರುವವರಿಗೆ ಮಾತ್ರ ಗೊತ್ತಿರಬೇಕು. ಹಾಗಾದರೆ ಅಂಥವರನ್ನು ಹುಡುಕುವುದು ಎಲ್ಲಿ?

ನನಗೆ ಕಲ್ಯಾಣದ ವಸುಧಾತಾಯಿ ನೆನಪಾದರು; ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ಅವರ ಯಜಮಾನರು ಲಕ್ವಾ ಹೊಡೆದು ವರ್ಷಗಟ್ಟಲೆ ನಮ್ಮ ಮಂಚದ ಮೇಲಿದ್ದರು. ಅವರು ತೀರಿಕೊಂಡ ಮೇಲೆ ಈಕೆಯೇ ಮಂಚವನ್ನು ಒರೆಸಿ, ಹಿಡಿಕೆಗಳಿಗೆ ಎಣ್ಣೆ ಹಾಕಿ ವಾಪಸು ಕಳಿಸಿದ್ದರು. ಹೋಗಿ ಕೇಳಿದೆವು. ಅಂದರೆ ನನ್ನ ಗಂಡ ಕೇಳಿದರು, ನಾನು ತಲೆಯಾಡಿಸಿದೆ. “ಮನೆಯಲ್ಲೇ ಕೂತು ಮಾತಾಡೋದು ತಾನೆ? ಈ ಮನೆಯಲ್ಲಿ ಈಗ ಮಾತಾಡೋಕೆ ಯಾರಿದ್ದಾರೆ?” ಎಂದು ಮರಾಠಿಯಲ್ಲಿ ಹೇಳಿ, ಸಂಬಳದ ವಿಷಯದಲ್ಲಿ ಚೆನ್ನಾಗಿಯೇ ಚೌಕಾಶಿ ಮಾಡಿ ಒಪ್ಪಿಕೊಂಡರು. ಫೋನನ್ನು ಅವರ ಕಡೆಗೆ ತಿರುಗಿಸಿದೆವು. ವರದಿ ಇಲ್ಲ, ಹಸಿರು ಗೆರೆ ಇಲ್ಲ. ಗಡಿಬಿಡಿ ಇದ್ದರೆ ನನ್ನ ಗಂಡನಿಗೆ ಫೋನ್ ಮಾಡಿ ದಬಾಯಿಸುತ್ತಾರೆ. ಇವರು ಅನ್ನದ ತಟ್ಟೆ ಬಿಟ್ಟು ಏಳುತ್ತಾರೆ. ನನಗೆಂದೂ ಹಾಗೆ ಎದ್ದವರಲ್ಲ.

ವಸುಧಾತಾಯಿಗೆ ಕನ್ನಡ ಬಾರದು. ಬಸವರಾಜನ ಹಿಂದಿಯೋ, ದೇವರಿಗೇ ಪ್ರೀತಿ. ಆದರೂ ದಿನ ಬಿಟ್ಟು ದಿನ ಅವರೇ ಫೋನ್ ಮಾಡಿ, ಮಗ್ಗುಲು ಬದಲಿಸಿದಿರಾ, ಪಟ್ಟಿ ಒಣಗಿದೆಯಾ ಎಂದು ಕೇಳುತ್ತಿದ್ದರಂತೆ. ಹುಣ್ಣು ಮಾಯಿತು, ಬಹಳ ನಿಧಾನವಾಗಿ.

ಈಗ ನನ್ನ ಗಂಟಲು ನೆಟ್ಟಗಾಗಿದೆ. ಮಧ್ಯಾಹ್ನದ ಫೋನು ಮತ್ತೆ ನನ್ನದು, ಉಳಿದ ಹೊತ್ತಿನದು ಅವರದು. ಮೊನ್ನೆ ಬಸವರಾಜ ಫೋನ್ ಮಾಡಿದ. ದನಿಯಲ್ಲಿ ಏನೋ ಉಕ್ಕುತ್ತಿತ್ತು.

“ಅಕ್ಕಾರ, ತಾಯಿ ಇಲ್ಲೇನ್ರಿ?”

“ಯಾವ ತಾಯಿ? ನಾನೇ ಇದ್ದೇನಲ್ಲ, ಹೇಳು.”

“ಕಲ್ಯಾಣದ ತಾಯಿ ರೀ. ಅವರಿಗಿ ಒಂದ್ ಮಾತು ಹೇಳ್ಬೇಕಿತ್ತು.”

“ನನಗೇ ಹೇಳೋ ಮಾರಾಯ. ಅಂಗಡಿ ನನ್ನದು!”

“ನಿಮಗೂ ಹೇಳ್ತೀನ್ರಿ ಅಕ್ಕಾರ” ಎಂದ ಅವನು ಬಹಳ ಮರ್ಯಾದೆಯಿಂದ, “ಮೊದಲ ಅವರಿಗಿ ಹೇಳ್ತೀನಿ. ಅಪ್ಪ ಎದ್ದು ಕುಂತಾನ ಅಂತ.”

ಹೇಳುವುದನ್ನು ಹೇಳಿಯೇಬಿಟ್ಟಿದ್ದ, ಅದು ಅವನಿಗೆ ಗೊತ್ತಾಗಲಿಲ್ಲ. ನಾನೂ ತಿಳಿಸಲಿಲ್ಲ. ವಸುಧಾತಾಯಿಯ ನಂಬರು ಕೊಟ್ಟು ಫೋನಿಟ್ಟೆ. ಆ ಮಧ್ಯಾಹ್ನವೆಲ್ಲ ನನಗೆ ಹೊಟ್ಟೆಕಿಚ್ಚಿನ ಸಿಟ್ಟು. ತಿಂಗಳು ತಿಂಗಳು ಸಂಬಳ ಕೊಟ್ಟು ನಾನೇ ಮನೆಗೆ ತಂದುಕೊಂಡ ಸಿಟ್ಟು ಇದು. ಬರುವ ತಿಂಗಳಿನಿಂದ ಸ್ವಲ್ಪ ಹೆಚ್ಚೇ ಕೊಡೋಣವೆಂದುಕೊಂಡಿದ್ದೇನೆ.