ಕಿವಿಯ ಹಿಂದೆ ಗುಲಾಬಿ ಇದ್ದ ರಾಣಿ

ನನ್ನ ಮಗಳಿಗೆ ಲಿಂಗದ ಕರಡಿಗೆ ಮಾಡಿಸಬೇಕೆಂದು ನಮ್ಮತ್ತೆ ಮನೆಯಲ್ಲಿದ್ದ ಮುರುಕು ಬೆಳ್ಳಿಯನ್ನೆಲ್ಲ ತಟ್ಟೆಗೆ ಸುರಿದುಕೊಂಡು ಕೂತಿದ್ದರು. ಎಪ್ಪತ್ತರ ದಶಕ. ನಾವಾಗ ರಾಜಾಜಿನಗರದಲ್ಲಿದ್ದೆವು. ನಾನು ಹತ್ತಿರದ ಹೈಸ್ಕೂಲಿನಲ್ಲಿ ಚರಿತ್ರೆಯ ಮೇಡಂ. ಹೆರಿಗೆ ರಜೆ ಮುಗಿಸಿ ಆಗಷ್ಟೇ ಕೆಲಸಕ್ಕೆ ಮರಳಿದ್ದೆ.

ಸವೆದ ಕಾಲುಂಗುರಗಳ ನಡುವೆ ಒಂದು ನಾಣ್ಯ ಕಂಡಿತು. ಎಂಟಾಣೆಗಿಂತ ಕೊಂಚ ಅಗಲ, ಎಲೆಯಷ್ಟು ತೆಳು. ಕಿರೀಟ ತೊಟ್ಟ ಹೆಂಗಸಿನ ಮುಖ, ಕುತ್ತಿಗೆಗೆ ನೆರಿಗೆ ಪಟ್ಟಿ, ತಲೆಯ ಹಿಂದೆ ಒಂದು ಪುಟ್ಟ ಗುಲಾಬಿ.

"ಇದೆಲ್ಲಿಂದ ಬಂತು, ಅತ್ತೆ?"

"ನಮ್ಮವ್ವ ಕೊಟ್ಟಿದ್ದು. ಯಾವುದೋ ರಾಣಿ ರೂಪಾಯಿ. ತಡ ಆಯ್ತು ಹೋಗು, ಗಂಟೆ ಹೊಡೀತಾರೆ."

ಹೋದೆ. ಆದರೆ ಪಾಠದ ನಡುವೆಯೂ ಆ ಗುಲಾಬಿಯೇ ಕಣ್ಣಿಗೆ ಕಟ್ಟುತ್ತಿತ್ತು. ಊಟದ ಬಿಡುವಿನಲ್ಲಿ ಶಾಲೆಯ ಬೀರು ತೆಗೆಸಿ ಇಂಗ್ಲೆಂಡಿನ ಚರಿತ್ರೆಯ ದಪ್ಪ ಪುಸ್ತಕ ತಿರುವಿದೆ. ಅಲ್ಲೊಂದು ನಾಣ್ಯದ ಚಿತ್ರದಲ್ಲಿ ಅದೇ ಮುಖ, ಅದೇ ಗುಲಾಬಿ. ಸುಮಾರು ನಾನೂರು ವರ್ಷ ಹಳೆಯದು. ಆಗಲೇ ಹೊಳೆಯಿತು: ಅತ್ತೆ ಅದನ್ನು ಕರಗಿಸಲು ಕೊಡುವವರಿದ್ದರು.

ಹೆಡ್‌ಮೇಡಂಗೆ ಹೇಳಿ ಮನೆಗೆ ಓಡಿದೆ. ಬಾಗಿಲಿಗೆ ಬೀಗ. ಪಕ್ಕದ ಮನೆಯಾಕೆ, "ಮಗೂನ ಎತ್ಕೊಂಡು ಅಕ್ಕಸಾಲಿ ಅಂಗಡಿಗೆ ಹೋದ್ರು," ಎಂದರು. ದಾರಿಯಲ್ಲಿ ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಅದನ್ನು ಕೈಯಲ್ಲೇ ಹಿಡಿದು ಬರಿಗಾಲಲ್ಲಿ ನಡೆದೆ, ನಡಿಗೆ ಓಟವಾಯಿತು. ಮಾರುಕಟ್ಟೆಯ ಜನ ತಿರುಗಿ ನೋಡುತ್ತಿದ್ದರು.

ಅಂಗಡಿಯಲ್ಲಿ ಮೂಸೆ ಬೆಂಕಿಯ ಮೇಲಿತ್ತು. ಒಳಗೆ ಬೆಳ್ಳಿ ನೀರಾಗಿ ಹೊಳೆಯುತ್ತಿತ್ತು.

"ಆ ನಾಣ್ಯ..." ಎಂದೆ.

ಅತ್ತೆ ಮಗುವನ್ನು ಸೊಂಟದ ಇನ್ನೊಂದು ಬದಿಗೆ ಬದಲಾಯಿಸಿ, ಸೆರಗಿನ ತುದಿಯ ಗಂಟು ಬಿಚ್ಚಿದರು. "ಬೆಳಿಗ್ಗೆ ಅಷ್ಟು ಹೊತ್ತು ನೋಡ್ತಾ ನಿಂತಿದ್ದಿ. ಏನೋ ಇರಬೇಕು ಅಂತ ಕೊಡ್ಲಿಲ್ಲ."

ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು, ಏದುಸಿರಿನಲ್ಲೇ ಎಲ್ಲ ಹೇಳಿದೆ. ಅತ್ತೆ ನಾಣ್ಯವನ್ನು ಬೆಳಕಿಗೆ ಹಿಡಿದು ಕೇಳುತ್ತಿದ್ದರು.

"ಈ ರಾಣಿ ಗಂಡ ಏನು ಮಾಡ್ತಿದ್ದ?"

"ಮದುವೇನೇ ಆಗ್ಲಿಲ್ಲ, ಅತ್ತೆ."

"ಮತ್ತೆ ರಾಜ್ಯ?"

"ಒಬ್ಬಳೇ ಆಳಿದ್ಲು. ನಲವತ್ತು ವರ್ಷಕ್ಕೂ ಮೇಲೆ."

ಹದಿನಾಲ್ಕಕ್ಕೇ ಮದುವೆಯಾಗಿ ಬಂದಿದ್ದ ಅತ್ತೆ ಆ ಮುಖವನ್ನೇ ದಿಟ್ಟಿಸಿದರು. ಅವರ ಕಣ್ಣುಗಳು ಅಷ್ಟು ಅರಳಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಅವರ ಅವ್ವನ ಕೈಗೆ ಅದು ಹೇಗೆ ಬಂತೆಂದು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ.

"ನಡಿ, ಮೂಡಲಪಾಳ್ಯಕ್ಕೆ ಹೋಗಾಣ," ಎಂದು ಎದ್ದರು. "ನನ್ನ ತಂಗಿಗೆ ತೋರಿಸ್ಬೇಕು."

"ಈಗಲೇನಾ? ನನ್ನ ಚಪ್ಪಲಿ ಕಿತ್ತೋಗಿದೆ."

"ಬರಿಗಾಲಲ್ಲೇ ಬಾ."

ಬಸ್ಸಿನಲ್ಲಿ ಪಕ್ಕ ಕೂತಿದ್ದ ಗುರುತಿಲ್ಲದ ಹೆಂಗಸಿಗೆ ಅತ್ತೆ ಆಗಲೇ ರಾಣಿಯ ಕಥೆ ಶುರುಮಾಡಿದ್ದರು. ವರ್ಷಗಳ ಲೆಕ್ಕ ತಪ್ಪಿ ನಲವತ್ತು ಅರವತ್ತಾಯಿತು. ನಾನು ತಿದ್ದಲು ಹೋಗಲಿಲ್ಲ.