ಯಾರೋ ಒಬ್ಬ ವಕೀಲರು

ಕುಚ್ಚಿನಕ್ಕನ ಎಡಗೈ ಹೆಬ್ಬೆರಳಿನ ಉಗುರೊಂದು ಮಾತ್ರ ಉದ್ದ. ಸೆರಗಿನ ಎಳೆ ಬಿಡಿಸಲೆಂದೇ ಅದನ್ನು ಬೆಳೆಸಿದ್ದರು. ಮೂಡಲಪಾಳ್ಯದ ನಮ್ಮ ಬೀದಿಯ ರೇಷ್ಮೆ ಸೀರೆಗಳಿಗೆಲ್ಲ ಅವರದೇ ಕುಚ್ಚು. ನನಗಿಂತ ಐದು ವರ್ಷ ಚಿಕ್ಕವರಾದರೂ ನಾನೂ ಅಕ್ಕ ಎಂದೇ ಕರೆಯುತ್ತಿದ್ದೆ. ಎಲ್ಲಿ ಕೂತರೂ ಬಾಗಿಲಿಗೆ ಮುಖ ಮಾಡಿಯೇ ಕೂರುತ್ತಿದ್ದರು. ಕೋರ್ಟಲ್ಲಿ ಅಷ್ಟು ವಾದ ಮಾಡುವ ನನಗೆ ಒಂದು ಸೀರೆ ಮಡಿಸಲು ಬರುವುದಿಲ್ಲವೆಂದು ಕಿಚಾಯಿಸುತ್ತಿದ್ದರು.

ಒಂದು ದಿನ ಬರಿಗೈಯಲ್ಲಿ ಬಂದರು. ಬಸವೇಶ್ವರನಗರದ ಶಾಲೆಯೊಂದರಲ್ಲಿ ಆಯಾ ಕೆಲಸ ಸಿಗುವುದಿತ್ತಂತೆ. ಪೊಲೀಸ್ ವೆರಿಫಿಕೇಶನ್‌ನಲ್ಲಿ ಹಳೆಯ ಕೇಸೊಂದು ಅಡ್ಡ ಬಂದಿದೆ. ಹತ್ತೊಂಬತ್ತರ ವಯಸ್ಸಿನಲ್ಲಿ, ಗಾರ್ಮೆಂಟ್ಸ್ ಕೆಲಸ ಕೊಡಿಸುತ್ತೇವೆಂದು ಕರೆತಂದವರು ಅವರನ್ನು ಲಾಡ್ಜೊಂದಕ್ಕೆ ಮಾರಿದ್ದರು. ಪೊಲೀಸರು ನುಗ್ಗಿದಾಗ ಮಾರಿದವರು ಪರಾರಿ. ಕೇಸು ಬಿದ್ದದ್ದು ಇವರ ಮೇಲೆ. ತಪ್ಪು ಒಪ್ಪಿಕೊಂಡು ದಂಡ ಕಟ್ಟಿದ್ದರಿಂದ ಕಾಗದದಲ್ಲಿ ಇವರು ಅಪರಾಧಿ.

"ಮಾಡದೇ ಇರೋ ತಪ್ಪನ್ನ ಯಾಕಕ್ಕ ಒಪ್ಕೊಂಡ್ರಿ?" ವಕೀಲಿ ಗತ್ತಿನಲ್ಲೇ ಕೇಳಿದೆ.

"ನೀವೇ ಹೇಳಿದ್ರಲ್ಲ ಮೇಡಂ."

ಆಗ ನಾನು ಜೂನಿಯರ್. ಅಂಥ ಕೇಸುಗಳಲ್ಲಿ ನಮ್ಮೆಲ್ಲರ ಮಂತ್ರ ಒಂದೇ: ಒಪ್ಕೊಂಡ್ಬಿಡು, ಮಧ್ಯಾಹ್ನದೊಳಗೆ ಆಚೆ ಬರ್ತೀಯ. ಎಷ್ಟು ಹುಡುಗಿಯರಿಗೆ ಹೇಳಿದ್ದೆನೋ, ಒಂದು ಮುಖವೂ ನೆನಪಿರಲಿಲ್ಲ. ಅವರು ಮಾತ್ರ ನನ್ನನ್ನು ಕುಚ್ಚು ಕಟ್ಟಲು ಬಂದ ಮೊದಲ ದಿನವೇ ಗುರುತು ಹಿಡಿದಿದ್ದರಂತೆ. ಆಮೇಲೆ ಆರು ವರ್ಷ ನನ್ನ ಮನೆಗೆ ಬಂದುಹೋಗಿದ್ದರು. ನಾಚಿಕೆಯಿಂದ ಭೂಮಿಗಿಳಿದುಹೋದೆ.

ಶಿಕ್ಷೆ ರದ್ದುಮಾಡಿಸಲು ಹೈಕೋರ್ಟಿಗೆ ಅರ್ಜಿ ಬರೆದೆ. ತಪ್ಪು ಒಪ್ಪಿಕೊಳ್ಳಲು ಹೇಳಿದ್ದು ನಾನೇ ಎಂದು ಪ್ರಮಾಣಪತ್ರ ಕೊಟ್ಟಿದ್ದರೆ ಅರ್ಜಿಗೆ ಬಲ ಬರುತ್ತಿತ್ತು. ಮೂರು ಸಲ ಬರೆದೆ, ಮೂರು ಸಲ ಹರಿದೆ. ಜೊತೆಯ ವಕೀಲರು ಏನಂದಾರು ಎಂಬ ಪುಕ್ಕಲುತನ. ಕೊನೆಗೆ, 'ಯಾರೋ ಒಬ್ಬ ವಕೀಲರ ಮಾತು ನಂಬಿ' ಎಂದು ಹಾಕಿದೆ. ಸಹಿಗೆ ಮುಂಚೆ ಅಕ್ಕನಿಗೆ ಓದಿ ಹೇಳುವಾಗ ಆ ಸಾಲಿನಲ್ಲಿ ನನ್ನ ದನಿ ತಗ್ಗಿತು.

"ಇರ್ಲಿ ಬಿಡಿ ಮೇಡಂ," ಎಂದರು. "ನಿಮ್ಮ ಹೆಸ್ರು ಬರೆದ್ರೆ ಅದು ನಿಮಗೆ ಅಂಟ್ಕೊಂಡ್ಬಿಡತ್ತೆ. ಅದು ಹೆಂಗಿರತ್ತೆ ಅಂತ ನಂಗೊತ್ತು."

ವಿಚಾರಣೆಯ ದಿನ ನ್ಯಾಯಾಧೀಶರು, ಯಾವ ವಕೀಲರು ಎಂದು ಕೇಳಿಯೇಬಿಟ್ಟರು. ಕಕ್ಷಿದಾರರಿಗೆ ನೆನಪಿಲ್ಲ ಸ್ವಾಮಿ, ಎಂದೆ. ನ್ಯಾಯಾಧೀಶರು ಹಿಂದೆ ನಿಂತಿದ್ದ ಅಕ್ಕನ ಕಡೆ ನೋಡಿದರು. ಅಕ್ಕ ನನ್ನನ್ನೊಮ್ಮೆ ನೋಡಿ, ಹೌದೆಂದು ತಲೆಯಾಡಿಸಿದರು.

ಶಿಕ್ಷೆ ರದ್ದಾಯಿತು, ಶಾಲೆಯ ಕೆಲಸವೂ ಸಿಕ್ಕಿತು. ಎದುರಾದಾಗಲೆಲ್ಲ ನನ್ನ ಉಪಕಾರ ಮರೆಯುವುದಿಲ್ಲವೆನ್ನುತ್ತಾರೆ. ನನಗೆ ಅಂದು ಅವರು ತಲೆಯಾಡಿಸಿದ್ದೇ ನೆನಪಾಗುತ್ತದೆ. ನನ್ನ ಮಾತಿಗಾಗಿ ಅವರು ಕೋರ್ಟಿನಲ್ಲಿ ನಿಂತು ಸುಳ್ಳನ್ನು ಒಪ್ಪಿಕೊಂಡದ್ದು ಅದು ಎರಡನೆಯ ಸಲ.