ಯಾವ ಚಿಪ್ಪಿನಷ್ಟು?

ಬಿಡಿ ಹಣ್ಣು ಕೇಳಿಕೊಂಡು ಅವಳ ಕಟ್ಟೆಗೆ ಹೋದವರು ಬೈಸಿಕೊಂಡೇ ಬರುತ್ತಿದ್ದರು. "ನಿನ್ನ ಎರಡು ಹಣ್ಣಿಗೋಸ್ಕರ ಚಿಪ್ಪು ಮುರಿದ್ರೆ, ಮಿಕ್ಕಿದ್ದನ್ನ ನಿಮ್ಮಪ್ಪ ಬಂದು ತಗೊಳ್ತಾನಾ?" ಗೊನೆಯಿಂದ ಕೊಯ್ದ ಒಂದು ಸಾಲು ಬಾಳೆಹಣ್ಣಿಗೆ ಮಾರ್ಕೆಟ್‌ನಲ್ಲಿ ಚಿಪ್ಪು ಅನ್ನುತ್ತಾರೆ. ಅವಳು ಕೊಳ್ಳುವುದು ಗೊನೆ, ಮಾರುವುದು ಚಿಪ್ಪು, ಆಸ್ಪತ್ರೆಯಲ್ಲಿ ಯಾರನ್ನಾದರೂ ನೋಡಲು ಹೋದರೂ ಕೈಯಲ್ಲೊಂದು ಚಿಪ್ಪು. ಎಲ್ಲರ ಬಾಯಲ್ಲೂ ಚಿಪ್ಪಕ್ಕ ಎಂಬ ಹೆಸರೇ ನಿಂತಿತು.

ಮಾರ್ಕೆಟ್ ಒಡೆದು ಕಾರು ನಿಲ್ಲಿಸುವ ಕಟ್ಟಡ ಕಟ್ಟುತ್ತೇವೆಂದು ನಗರಸಭೆ ಆಫೀಸಿನವರು ಬುಲ್ಡೋಜರ್ ತಂದ ಬೆಳಿಗ್ಗೆ ಅದರ ಮುಂದೆ ಮೊದಲು ಹೋಗಿ ಕೂತವರು ಇಬ್ಬರು. ಒಬ್ಬಳು ಚಿಪ್ಪಕ್ಕ, ಇನ್ನೊಬ್ಬಳು ಪಕ್ಕದ ಕಟ್ಟೆಯಲ್ಲಿ ನಿಂಬೆಹಣ್ಣು ಮಾರುವ ನಿಂಬಕ್ಕ. ಭಾಷಣ ಮಾಡುವ ನಮ್ಮಂಥವರು ಬಂದದ್ದು ಕಾಫಿ ಕುಡಿದ ಮೇಲೆ. ಪೊಲೀಸರು ಎತ್ತಿ ವ್ಯಾನಿಗೆ ತುಂಬುವಾಗಲೂ ಆ ಇಬ್ಬರು ಒಬ್ಬರ ಕೈ ಒಬ್ಬರು ಬಿಟ್ಟಿರಲಿಲ್ಲ. ಮಾರ್ಕೆಟ್ ಉಳಿಯಿತು. ಆಮೇಲೆ ದಿನಾ ಜಗಳವಾಡಿಕೊಂಡೇ ಅಕ್ಕಪಕ್ಕ ಕೂತು ವ್ಯಾಪಾರ ಮಾಡಿದರು.

ನಿಂಬಕ್ಕನ ಮನೆಯಲ್ಲಿ ಒಂದು ಆಮೆ ಇತ್ತು. ಹಡಗಿನಲ್ಲಿ ಅಡುಗೆಯವನಾಗಿದ್ದ ಗಂಡ ಎಲ್ಲಿಂದಲೋ ಹೊತ್ತು ತಂದದ್ದು. ಗಂಡ ಹೋದ, ಆಮೆ ಉಳಿಯಿತು. ಮಳೆಕಾಡಿನ ಜಾತಿ, ಊಟದ ತಟ್ಟೆಯಷ್ಟು ಅಗಲ, ಕಪ್ಪು ಮೈ, ಕಾಲ ಮೇಲೆ ಕೆಂಪು ಚುಕ್ಕೆ. ಅದಕ್ಕೆ ಅಧ್ಯಕ್ಷ ಎಂದು ಹೆಸರಿಟ್ಟವಳು ಚಿಪ್ಪಕ್ಕನೇ. "ಬರೋದು ಎಲ್ಲರಿಗಿಂತ ತಡ, ಮಾತಿಲ್ಲ ಕತೆಯಿಲ್ಲ, ತಿನ್ನೋಕೆ ಮಾತ್ರ ಮುಂದೆ. ನಮ್ಮ ಸಂಘದ ಅಧ್ಯಕ್ಷನೇ ಸರಿ."

ನಿಂಬಕ್ಕ ಒದ್ದೆ ನೆಲದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಗಿ ಮಗಳ ಮನೆಗೆ ಹೊರಡುವಾಗ ಆಮೆಯನ್ನು ಚಿಪ್ಪಕ್ಕನಿಗೆ ಒಪ್ಪಿಸಿದಳು.

"ನೋಡು, ಅವನಿಗೇನಾದ್ರೂ ಆದ್ರೆ ನಾನು ನಿನ್ನ ಮುಖ ನೋಡಲ್ಲ."

"ಈಗೇನು ನೋಡಿ ಉದ್ಧಾರ ಆಗಿದೀಯ? ಹೋಗೇ, ನಾವಿಬ್ರೂ ಮಣ್ಣಾದ ಮೇಲೂ ಇರುತ್ತೆ ಅದು."

ಹೇಳಿದ್ದೇನೋ ಹೇಳಿದಳು. ಆದರೆ ಎಷ್ಟು ಹಾಕಬೇಕು ಎಂದು ಕೇಳುವುದನ್ನೇ ಮರೆತಿದ್ದಳು. ಫೋನ್ ಮಾಡಿ ಕೇಳಿದರೆ ನಿಂಬಕ್ಕನ ಮುಂದೆ ತಗ್ಗಿದಂತೆ. ಅದಕ್ಕೇ ಮಾರ್ಕೆಟ್ ಎದುರಿನ ದನದ ಡಾಕ್ಟರ ಬಾಗಿಲಿಗೆ ಹೋಗಿ, ಆಮೆಯ ಗುರುತು ಹೇಳಿ ಕೇಳಿದಳು. ಡಾಕ್ಟರು ಕಚ್ಚಲು ಬರುತ್ತಿದ್ದ ನಾಯಿಯೊಂದರ ಬಾಯಿ ಕಟ್ಟುತ್ತಿದ್ದರು. ತಲೆಯೆತ್ತದೆ ಅಂದರು: "ಒಂದು ಹೊತ್ತಿಗೆ ಚಿಪ್ಪಿನಷ್ಟು ಹಾಕಿ, ಸಾಕು. ಈ ಜಾತಿಗೆ ಹಣ್ಣೂ ಆಗುತ್ತೆ."

ಚಿಪ್ಪಕ್ಕನ ಮುಖ ಅರಳಿತು. ಇಷ್ಟು ವರ್ಷದಲ್ಲಿ ಓದಿದವನೊಬ್ಬ ಅವಳ ಲೆಕ್ಕದಲ್ಲೇ ಮಾತಾಡಿದ್ದು ಅದೇ ಮೊದಲು.

ಅಂದಿನಿಂದ ಅಧ್ಯಕ್ಷನ ಮುಂದೆ ದಿನಾ ಒಂದು ಚಿಪ್ಪು ಬಾಳೆಹಣ್ಣು. ಮೂರು ತಿಂದು ನಾಲ್ಕನೆಯದರ ಮೇಲೆ ಗಲ್ಲ ಊರಿ ಮಲಗುತ್ತಿತ್ತು. ನಾಚಿಕೆ ಇರಬೇಕು ಅಂದುಕೊಂಡು ಇವಳು ಸಿಪ್ಪೆ ಸುಲಿದು ಬಾಯಿಗಿಟ್ಟಳು. ನಿಂಬಕ್ಕ ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ: "ರಾಜನ ಹಾಗಿದಾನೆ."

ಕೆಲವು ದಿನ ಕಳೆದ ಮೇಲೆ ರಾಜನ ಹೊಟ್ಟೆ ಕೆಟ್ಟಿತು. ಕೋಣೆಯ ಮೂಲೆ ಮೂಲೆಯಲ್ಲಿ ನೀರು ನೀರಾದ ಹೇಲು. ಸೊಪ್ಪು ಕೊಟ್ಟರೆ ಮೂಸುವುದೂ ಇಲ್ಲ. ಕೊನೆಗೊಂದು ದಿನ ತಲೆ ಒಳಗೆಳೆದುಕೊಂಡದ್ದು ಜಪ್ಪಯ್ಯ ಅಂದರೂ ಹೊರಗೆ ಬರಲಿಲ್ಲ. ಚಿಪ್ಪಕ್ಕ ಅದನ್ನು ಹಣ್ಣಿನ ಬುಟ್ಟಿಯಲ್ಲಿಟ್ಟುಕೊಂಡು ಮತ್ತೆ ಡಾಕ್ಟರ ಬಳಿ ಓಡಿದಳು.

"ಏನು ಹಾಕ್ತಿದ್ರಿ ಅಮ್ಮ?"

"ನೀವು ಹೇಳಿದಷ್ಟೇ. ದಿನಕ್ಕೊಂದು ಚಿಪ್ಪು. ಅದನ್ನೂ ಪೂರ್ತಿ ತಿನ್ನಲ್ಲ, ಅರ್ಧ ಬಿಡ್ತಾನೆ."

"ಚಿಪ್ಪು ಅಂದ್ರೆ?"

"ಇದೇನು ಹೀಗೆ ಕೇಳ್ತೀರಾ? ಚಿಪ್ಪು ಅಂದ್ರೆ ಚಿಪ್ಪು. ಬಾಳೆಹಣ್ಣಿಂದು."

ಡಾಕ್ಟರು ಆಮೆಯ ಬೆನ್ನನ್ನು ಬೆರಳಿಂದ ಟಕಟಕ ಕುಟ್ಟಿದರು. "ನಾನು ಹೇಳಿದ್ದು ಈ ಚಿಪ್ಪು. ಇದರಷ್ಟು ಗುಡ್ಡೆ, ಸೊಪ್ಪು ಎಲೆ ಎಲ್ಲ ಸೇರಿಸಿ ಒಂದು ಹೊತ್ತಿನ ಊಟ. ಅದರಲ್ಲಿ ಹಣ್ಣು ಐದರಲ್ಲೊಂದು ಪಾಲು ದಾಟಬಾರದು. ಪಪ್ಪಾಯ, ಮಾವು, ಅಂಜೂರ ಹೀಗೆ ಬದಲಾಯಿಸ್ತಾ ಇರಿ. ಬಾಳೆಹಣ್ಣು ಅಪರೂಪಕ್ಕೆ."

"ಅಪರೂಪಕ್ಕಾ? ನಾನು ಮಾರೋದೇ ಅದನ್ನ."

"ನೀವು ಮಾರಿ, ಅದು ತಿನ್ನೋದು ಬೇಡ. ಹೇಲು ಗಟ್ಟಿಯಾಗೋವರೆಗೆ ಯಾವ ಹಣ್ಣೂ ಬೇಡ. ದಿನಾ ಉಗುರುಬೆಚ್ಚಗಿನ ನೀರಲ್ಲಿ ಕೂರಿಸಿ."

"ಮೊದಲೇ ಬೆನ್ನು ಅಂತ ಹೇಳಿದ್ರೆ ಗಂಟೇನು ಹೋಗ್ತಿತ್ತು?" ಎಂದು ಗೊಣಗುತ್ತ ಬುಟ್ಟಿ ಎತ್ತಿಕೊಂಡಳು.

ಬೆಚ್ಚನೆ ನೀರಲ್ಲಿ ಕೂತು ಕೂತು ಅಧ್ಯಕ್ಷ ತಲೆ ಹೊರಗೆ ಹಾಕಿದ, ಹೊಟ್ಟೆಯೂ ಸರಿಹೋಯಿತು. ಆದರೆ ಸೊಪ್ಪು ಮುಟ್ಟಲೊಲ್ಲ. ತಟ್ಟೆಯನ್ನು ದಾಟಿ ನೇರ ಬಾಳೆಹಣ್ಣಿನ ಬುಟ್ಟಿಯ ಮುಂದೆ ಹೋಗಿ ಕೂತುಬಿಡುತ್ತಿದ್ದ. ಎತ್ತಿ ತಟ್ಟೆಯ ಮುಂದಿಟ್ಟರೆ ಮತ್ತೆ ತೆವಳಿಕೊಂಡು ಅಲ್ಲಿಗೇ. ಧರಣಿ ಎಂದರೆ ಏನೆಂದು ಚಿಪ್ಪಕ್ಕನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಈ ಸಲ ಮಾತ್ರ ಅವಳಿದ್ದದ್ದು ಆಫೀಸಿನವರ ಕಡೆ.

"ನಿನ್ನ ಬೇಡಿಕೆ ಗೊತ್ತಾಯ್ತು ಕಣಪ್ಪ," ಎಂದು ಅದರ ಎದುರು ಕುಕ್ಕರುಗಾಲಲ್ಲಿ ಕೂತಳು. "ಈಡೇರಿಸಿದ್ರೆ ನೀನು ಸಾಯ್ತೀಯ, ನಿಂಬಿ ನನ್ನ ಸಾಯಿಸ್ತಾಳೆ. ಏನು ಮಾಡೋಣ ಹೇಳು."

ಧರಣಿ ಕೂತವರನ್ನು ಬರಿಗೈಯಲ್ಲಿ ಎಬ್ಬಿಸಲಾಗದು ಎಂಬುದು ಅವಳು ಕೂತೇ ಕಲಿತ ಪಾಠ. ಏನಾದರೂ ಕೊಡಬೇಕು, ಆದರೆ ಕೇಳಿದಷ್ಟಲ್ಲ. ಸೊಪ್ಪನ್ನು ಸಣ್ಣಗೆ ಹೆಚ್ಚಿ, ಹೆಬ್ಬೆರಳ ತುದಿಯಷ್ಟು ಪಪ್ಪಾಯ ಹಿಸುಕಿ ಎಲೆ ಎಲೆಗೂ ಸವರಿದಳು. ಹಣ್ಣಿನ ಬುಟ್ಟಿಯನ್ನು ಅಟ್ಟಕ್ಕೇರಿಸಿದಳು. ಅಧ್ಯಕ್ಷ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದ. ಆಮೇಲೆ ತಿರುಗಿ ಬಂದು, ಮೂಸಿ, ಒಂದು ಎಲೆ ಹರಿದ.

ನಿಂಬಕ್ಕ ಕೋಲೂರಿಕೊಂಡು ಬಂದದ್ದು ಒಂದು ಮಧ್ಯಾಹ್ನ. ಕುರ್ಚಿಯಲ್ಲಿ ಕೂತು ಆಮೆಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು, ಮೂಗು, ಬಾಲ ಎಲ್ಲ ತಪಾಸಣೆ ಮಾಡಿದಳು.

"ಹಗುರ ಆಗಿದಾನಲ್ಲೇ."

ಚಿಪ್ಪಕ್ಕ ಸುಳ್ಳು ಹುಡುಕಲಿಲ್ಲ. ಡಾಕ್ಟರ ಚಿಪ್ಪು, ತನ್ನ ಚಿಪ್ಪು, ಹೇಲು, ಧರಣಿ ಎಲ್ಲ ಹೇಳಿದಳು. ಹೇಳಿ ಮುಗಿಸಿ ಬೈಗುಳಕ್ಕೆ ಕಾದಳು.

"ದಿನಾ ಫೋನಲ್ಲಿ ರಾಜನ ಹಾಗಿದಾನೆ ಅಂತಿದ್ದೆ?"

"ರಾಜರು ಮತ್ತೇನು ಮಾಡ್ತಾರೆ? ತಿಂದು ತಿಂದು ಬಿದ್ಕೊಂಡಿರ್ತಾರೆ."

ನಿಂಬಕ್ಕನಿಗೆ ನಗು ಬಂತು. ನಕ್ಕರೆ ಸೊಂಟ ನೋಯುತ್ತಿತ್ತು, ಒಂದು ಕೈಯಲ್ಲಿ ಸೊಂಟ ಒತ್ತಿ ಹಿಡಿದುಕೊಂಡೇ ನಕ್ಕಳು. ಆಮೆಯನ್ನು ಕೆಳಗಿಳಿಸಿದಳು. ಅದು ನೆಟ್ಟಗೆ ಅಟ್ಟದ ಕೆಳಗೆ ಹೋಗಿ ಕತ್ತು ಮೇಲೆತ್ತಿ ನಿಂತಿತು.

"ಪಾಪ, ಒಂದು ಹಣ್ಣು ಕೊಡೇ."

"ಬಿಡಿ ಹಣ್ಣು ಇಲ್ಲ," ಅಂದಳು ಚಿಪ್ಪಕ್ಕ, ಸೊಪ್ಪಿನ ತಟ್ಟೆಯನ್ನು ಮುಂದಕ್ಕೆ ತಳ್ಳುತ್ತ.